ಮಧ್ಯಸ್ಥನನ್ನು ಆರಿಸಿದವರು ಯಾರು?



ಕೋರ್ಟಿನ ವಿಷಯದಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದ ಮಾತು ನಿಮಗೆಲ್ಲ ಗೊತ್ತು: ಗೆದ್ದವನು ಸೋತ, ಸೋತವನು ಸತ್ತ. ಹೊಸೂರು, ಮತ್ತಿಗಿರಿ, ಕೆಲಮಂಗಲ, ಶೂಲಗಿರಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡು ವಾಯಿದೆಯ ಮೇಲೆ ವಾಯಿದೆಗೆ ಅಲೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ ಚಾರ್ಜು ಹೋಯಿತು, ಆ ದಿನದ ಕೂಲಿ ಹೋಯಿತು, ವಕೀಲರ ಫೀಸಿಗೆ ಹೆಂಡತಿಯ ಓಲೆ ಅಡವಿಗೆ ಹೋಯಿತು. ಈ ದಣಿವನ್ನು ನೋಡಿಕೊಂಡೇ ಈಗ ಕೆಲವರು ನಮ್ಮ ಬಳಿಗೆ ಬಂದು ಸವಿಯಾಗಿ ಮಾತಾಡುತ್ತಾರೆ. "ಕೋರ್ಟು ಕಚೇರಿ ಯಾಕಪ್ಪ? ಮಧ್ಯಸ್ಥರನ್ನು ಇಟ್ಟು ಮುಗಿಸಿಕೊಳ್ಳೋಣ. ನೀವು ಕ್ರೈಸ್ತರಲ್ಲವೇ? ಕೋರ್ಟಿಗೆ ಹೋಗಬಾರದೆಂದು ನಿಮ್ಮ ಶಾಸ್ತ್ರವೇ ಹೇಳುತ್ತದಲ್ಲ!" ಎನ್ನುತ್ತಾರೆ.

ಮಧ್ಯಸ್ಥಿಕೆಗೆ ನಾವು ವಿರೋಧಿಗಳಲ್ಲ. ಜಗಳ ಬೇಗ ತೀರುವುದಾದರೆ, ಖರ್ಚು ಕಡಿಮೆಯಾಗುವುದಾದರೆ, ಅದನ್ನು ಬೇಡವೆನ್ನಲು ನಮಗೇನು ಹುಚ್ಚೇ? ಆದರೆ ಒಂದೇ ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿರೆಂದು ಹೇಳುತ್ತೇವೆ. ಆ ಮಧ್ಯಸ್ಥನನ್ನು ಆರಿಸಿದವರು ಯಾರು?

ಶಾಸ್ತ್ರದ ಮಾತು ಬಂದದ್ದರಿಂದ ಅದನ್ನೇ ಮೊದಲು ನೋಡೋಣ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದಲ್ಲಿ, ಸಹೋದರರ ವ್ಯಾಜ್ಯ ತೀರಿಸಲು ನಿಮ್ಮೊಳಗೆ ಒಬ್ಬ ವಿವೇಕಿಯೂ ಇಲ್ಲವೇ ಎಂದು ಕೇಳಿದ್ದು ನಿಜ. ಎರಡು ಕಡೆಯವರಿಗೂ ಸೇರಿದವನ, ಇಬ್ಬರೂ ನಂಬುವವನ ವಿಷಯ ಅದು. ಸಂಬಳ ಹಿಡಿದಿಟ್ಟುಕೊಂಡವನೇ ನ್ಯಾಯ ಹೇಳುವವನನ್ನೂ ನೇಮಿಸಲಿ ಎಂದು ಪೌಲರು ಎಲ್ಲಿಯೂ ಬರೆಯಲಿಲ್ಲ. ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂಬ ಅರ್ಥದ ಮಾತು ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಮೊದಲನೆಯದನ್ನು ನಮಗೆ ಓದಿ ಹೇಳುವವರು ಎರಡನೆಯದನ್ನು ಆಡಳಿತವರ್ಗಕ್ಕೂ ಓದಿ ಹೇಳಲಿ.

ಇನ್ನು ಒಂದು ಗೊಂದಲವನ್ನು ಕಳೆದುಕೊಳ್ಳಬೇಕು. ಲೇಬರ್ ಆಫೀಸರ್ ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ರಾಜಿ. ಅಲ್ಲಿ ನಮಗೆ ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಮಧ್ಯಸ್ಥಿಕೆ ಹಾಗಲ್ಲ. ಒಮ್ಮೆ ಒಪ್ಪಿ ಸಹಿ ಹಾಕಿದ ಮೇಲೆ ಮಧ್ಯಸ್ಥನು ಹೇಳಿದ್ದೇ ತೀರ್ಪು, ಅದು ಎರಡು ಕಡೆಯನ್ನೂ ಕಟ್ಟಿಹಾಕುತ್ತದೆ. ಆದುದರಿಂದಲೇ ಆಳು ಯಾರೆಂಬುದು ಮುಖ್ಯ.

ನಮ್ಮ ದೇಶದಲ್ಲಿ ಕಾರ್ಮಿಕರ ಮಧ್ಯಸ್ಥಿಕೆಗೆ ಹೆಸರಾದ ಉದಾಹರಣೆ 1918ರ ಅಹಮದಾಬಾದಿನದು. ಪ್ಲೇಗ್ ಬೋನಸ್ ನಿಂತುಹೋದಾಗ ಗಿರಣಿ ಕಾರ್ಮಿಕರು ಶೇಕಡ 50 ಹೆಚ್ಚು ಕೂಲಿ ಕೇಳಿದರು, ಮಾಲೀಕರು ಶೇಕಡ 20 ಎಂದರು. ಗಾಂಧೀಜಿ ಲೆಕ್ಕ ನೋಡಿ ಶೇಕಡ 35 ನ್ಯಾಯವೆಂದು ಹೇಳಿದರು. ಎರಡು ಕಡೆಯವರೂ ಕೂಡಿದ ಪಂಚರ ಮಂಡಳಿ ಮೊದಲೇ ಏರ್ಪಟ್ಟಿತ್ತು. ಆದರೆ ಮಾಲೀಕರು ಅದನ್ನು ಕೈಬಿಟ್ಟು ಗಿರಣಿಗಳಿಗೆ ಬೀಗ ಹಾಕಿದರು. ಆಮೇಲೆ ಮುಷ್ಕರ ನಡೆಯಿತು, ಗಾಂಧೀಜಿಯ ಉಪವಾಸ ನಡೆಯಿತು. ಕಡೆಗೆ ಎರಡೂ ಪಕ್ಷದವರು ಒಪ್ಪಿ ಆನಂದಶಂಕರ ಧ್ರುವ ಎಂಬ ವಿದ್ವಾಂಸರನ್ನು ಮಧ್ಯಸ್ಥರನ್ನಾಗಿ ಮಾಡಿಕೊಂಡರು. ಅವರು ಕೊಟ್ಟ ತೀರ್ಪು ಶೇಕಡ 35. ಮಧ್ಯಸ್ಥಿಕೆಯನ್ನು ಹೊಗಳುವವರು ಈ ಕಥೆಯ ಕೊನೆಯನ್ನು ಮಾತ್ರ ಹೇಳುತ್ತಾರೆ. ಕಾರ್ಮಿಕರು ಒಗ್ಗಟ್ಟಾಗಿ ನಿಲ್ಲದೇ ಇದ್ದಿದ್ದರೆ ಮಾಲೀಕರು ಆ ಮೇಜಿಗೆ ಮರಳಿ ಬರುತ್ತಲೇ ಇರಲಿಲ್ಲ ಎಂಬುದನ್ನು ಹೇಳುವುದಿಲ್ಲ.

ಈ ಅನುಭವಕ್ಕೆ ಕಾನೂನಿನ ರೂಪವೂ ಬಂತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1956ರ ತಿದ್ದುಪಡಿಯಿಂದ 10ಎ ಎಂಬ ಕಲಮನ್ನು ಸೇರಿಸಿದರು. ವಿವಾದ ಎದ್ದ ಮೇಲೆ ಮಾಲೀಕರೂ ಕಾರ್ಮಿಕರೂ ಕೂಡಿ, ಇಂಥವರೇ ಮಧ್ಯಸ್ಥರೆಂದು ಹೆಸರು ಹೇಳಿ, ಬರೆದು ಸಹಿ ಹಾಕಬೇಕು. ಅದರ ಪ್ರತಿ ಸರ್ಕಾರಕ್ಕೆ ಹೋಗಬೇಕು. ಗುಟ್ಟಾಗಿ ಮುಗಿಸುವ ಹಾಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 42ನೆಯ ಕಲಮಿನಲ್ಲಿಯೂ ಈ ಸ್ವಯಂಪ್ರೇರಿತ ಮಧ್ಯಸ್ಥಿಕೆ ಉಳಿದಿದೆ. ಆದರೆ ಇದಕ್ಕೆ ನಾವು ಕೊಡುವ ಬೆಲೆಯೂ ಇದೆ. ಸರ್ಕಾರದ ಅಧಿಸೂಚನೆ ಹೊರಟ ಮೇಲೆ, ಮಧ್ಯಸ್ಥಿಕೆ ನಡೆಯುವಷ್ಟು ದಿನವೂ ಅದು ಮುಗಿದ ನಂತರ 60 ದಿನವೂ ಮುಷ್ಕರ ಮಾಡುವಂತಿಲ್ಲ. ಕೈಯಲ್ಲಿರುವ ಒಂದೇ ಆಯುಧವನ್ನು ಕೆಳಗಿಟ್ಟು ಕೂರುವಾಗ, ಎದುರಿಗೆ ಕೂತವನು ಯಾರ ಕಡೆಯವನೆಂದು ಕೇಳಬಾರದೇ?

ಈಗ ನಮ್ಮ ಊರುಗಳಲ್ಲಿ ನಡೆಯುವ ಬೇರೊಂದು ಆಟವನ್ನು ನೋಡಿರಿ. ಕೆಲಸಕ್ಕೆ ಸೇರುವ ದಿನವೇ ಹುಡುಗನ ಕೈಗೆ ಇಂಗ್ಲಿಷಿನ ಆರ್ಡರ್ ಕೊಡುತ್ತಾರೆ. ಹತ್ತನೆಯ ಪುಟದಲ್ಲೋ ಹನ್ನೊಂದನೆಯ ಪುಟದಲ್ಲೋ ಇರುವೆಯಂಥ ಅಕ್ಷರದಲ್ಲಿ, ಯಾವುದೇ ತಕರಾರು ಬಂದರೆ ಕಂಪನಿ ನೇಮಿಸಿದ ಮಧ್ಯಸ್ಥನೇ ದೂರದ ಪಟ್ಟಣದಲ್ಲಿ ತೀರ್ಮಾನಿಸತಕ್ಕದ್ದು ಎಂದಿರುತ್ತದೆ. ತಳಿ, ಡೆಂಕಣಿಕೋಟೆ ಕಡೆಯಿಂದ ಬಂದ ಕನ್ನಡದ ಹುಡುಗ ಅದನ್ನು ಓದುವುದೂ ಇಲ್ಲ, ಓದಿದರೂ ಆ ದಿನ ಬೇಡವೆನ್ನುವ ಶಕ್ತಿ ಅವನಿಗಿಲ್ಲ. ಇದು ಸ್ವಯಂಪ್ರೇರಿತವೇ? ಜಗಳ ಹುಟ್ಟುವ ಮೊದಲೇ ನ್ಯಾಯಾಧೀಶನನ್ನು ಕೊಂಡಿಡುವುದಕ್ಕೆ ಮಧ್ಯಸ್ಥಿಕೆ ಎಂಬ ಒಳ್ಳೆಯ ಹೆಸರೇಕೆ?

ಇಂಥ ಕಾಗದಕ್ಕೆ ಹೆದರಬೇಕಾಗಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿಯ ನೌಕರರು ಸಂಬಳದ ಬಾಕಿಗಾಗಿ ಲೇಬರ್ ಕೋರ್ಟಿಗೆ ಹೋದಾಗ, ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆ, ಅಲ್ಲಿಗೆ ಕಳುಹಿಸಿರೆಂದು ಕಂಪನಿ ವಾದಿಸಿತು. 2012ರಲ್ಲಿ ಬೊಂಬಾಯಿ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಕಾರ್ಮಿಕ ವಿವಾದಕ್ಕೆ ಕಾರ್ಮಿಕ ಕಾನೂನು ತೋರಿಸಿದ ದಾರಿಯೇ ದಾರಿ, ಖಾಸಗಿ ಕರಾರಿನ ಮಧ್ಯಸ್ಥಿಕೆ ಅದಕ್ಕೆ ಬದಲಾಗಲಾರದು ಎಂದಿತು.

ಸಾಲದ ವಿಷಯ ಬೇರೆ. ಆಟೋ, ಮೋಟಾರ್ ಸೈಕಲ್‌ಗಾಗಿ ಫೈನಾನ್ಸ್ ಕಂಪನಿಯಿಂದ ಸಾಲ ತಂದವರಿಗೆ 1996ರ ಮಧ್ಯಸ್ಥಿಕೆ ಕಾಯ್ದೆ ಅನ್ವಯಿಸುತ್ತದೆ. ಎರಡು ಕಂತು ತಪ್ಪಿದರೆ ಸಾಕು, ಹೆಸರೇ ಕೇಳಿರದ ಮಧ್ಯಸ್ಥರಿಂದ ಅಂಚೆಯಲ್ಲಿ ನೋಟೀಸು ಬರುತ್ತದೆ. ನಮ್ಮವರು ಹೆದರಿ ಅದನ್ನು ಸೂರಿನಲ್ಲಿ ಸಿಕ್ಕಿಸಿ ಸುಮ್ಮನಾಗುತ್ತಾರೆ. ಸುಮ್ಮನಾದರೆ ನಿಮ್ಮ ಬೆನ್ನ ಹಿಂದೆಯೇ ತೀರ್ಪಾಗುತ್ತದೆ, ಅದು ಕೋರ್ಟಿನ ಡಿಕ್ರಿಯಂತೆ ಜಾರಿಯಾಗುತ್ತದೆ. 2015ರ ತಿದ್ದುಪಡಿಯ ಪ್ರಕಾರ ಒಂದು ಪಕ್ಷದ ನೌಕರನಾಗಲಿ ಸಲಹೆಗಾರನಾಗಲಿ ಮಧ್ಯಸ್ಥನಾಗುವಂತಿಲ್ಲ. ವಿವಾದ ಎದ್ದ ಮೇಲೆ ಪರವಾಗಿಲ್ಲವೆಂದು ನೀವೇ ಬರೆದುಕೊಟ್ಟರೆ ಮಾತ್ರ ಆಗಬಹುದು. ಹಾಗೆ ಬರೆದುಕೊಡಬೇಡಿರಿ. ವಿವಾದದಲ್ಲಿ ತನಗೇ ಹಿತಾಸಕ್ತಿ ಇರುವವನು ಒಬ್ಬಂಟಿಯಾಗಿ ಮಧ್ಯಸ್ಥನನ್ನು ನೇಮಿಸಲೂಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. 2024ರ ನವೆಂಬರ್ 8ರಂದು, ರೈಲ್ವೆ ಗುತ್ತಿಗೆಯೊಂದರ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠವು ಮಧ್ಯಸ್ಥರನ್ನು ನೇಮಿಸುವ ಹಂತದಲ್ಲಿಯೂ ಎರಡು ಪಕ್ಷಗಳು ಸಮಾನವೆಂದು ಸಾರಿತು. ನಾವು ಕೇಳುವ ಪ್ರಶ್ನೆಯನ್ನೇ ದೇಶದ ದೊಡ್ಡ ಕೋರ್ಟೂ ಕೇಳಿದೆ!

ಒಪ್ಪಿ ಆರಿಸಿದ ಮಧ್ಯಸ್ಥನೂ ತಪ್ಪಬಹುದು. ಗುಜರಾತ್ ಸ್ಟೀಲ್ ಟ್ಯೂಬ್ಸ್ ಕಾರ್ಖಾನೆಯಲ್ಲಿ 1973ರ ಮುಷ್ಕರದ ನಂತರ ನೂರಾರು ಕಾರ್ಮಿಕರನ್ನು ಕೆಲಸದಿಂದ ತೆಗೆದರು. 10ಎ ಪ್ರಕಾರ ಕೂತ ಮಧ್ಯಸ್ಥರು ಅದನ್ನು ಸರಿಯೆಂದರು. ಹೈಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 1979ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆ ಅಪರಾಧಕ್ಕೆ ತಕ್ಕದ್ದೇ ಎಂದು ತೂಗಿ ನೋಡುವ ಅಧಿಕಾರ ಲೇಬರ್ ಕೋರ್ಟಿಗೆ ಇರುವಂತೆ ಇಂಥ ಮಧ್ಯಸ್ಥರಿಗೂ ಇದೆ ಎಂದಿತು. ಕಾನೂನಿನ ಪ್ರಕಾರ ಕೂತ ಮಧ್ಯಸ್ಥನ ಮೇಲೆ ಹೈಕೋರ್ಟಿನ ಕಣ್ಣಿರುತ್ತದೆ. ಕಂಪನಿಯ ಕೋಣೆಯಲ್ಲಿ ಬಾಯಿಮಾತಿನಲ್ಲಿ ಮುಗಿಸಿ ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಯಾವ ಕಣ್ಣೂ ಇರುವುದಿಲ್ಲ.

ಸಂಘದ ಕೆಲವು ನಾಯಕರಿಗೂ ಒಂದು ಮಾತು. ಮಧ್ಯಸ್ಥಿಕೆಯೆಂದರೆ ಸೋಲೆಂದು ಕೂಗುವುದರಿಂದ ಕೆಲಸವಾಗದು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗವು 1969ರಲ್ಲಿಯೇ ಈ ಸ್ವಯಂಪ್ರೇರಿತ ಪದ್ಧತಿ ನಮ್ಮಲ್ಲಿ ಬೇರೂರಲಿಲ್ಲವೆಂದು ಕಂಡಿತು. ಒಳ್ಳೆಯ ದಾರಿಯನ್ನು ನಾವು ತುಳಿಯದೆ ಬಿಟ್ಟರೆ ಅದೇ ಹೆಸರಿನ ಕಳ್ಳದಾರಿಯನ್ನು ಬೇರೆಯವರು ಮಾಡಿಕೊಳ್ಳುತ್ತಾರೆ. ಆಡಳಿತವರ್ಗ ಕಳುಹಿಸುವ ತನಕ ಕಾಯದೆ, ನಿವೃತ್ತ ನ್ಯಾಯಾಧೀಶರೋ, ಕಾರ್ಮಿಕ ಕಾನೂನು ಬಲ್ಲ ಅಧ್ಯಾಪಕರೋ, ಎರಡು ಕಡೆಗೂ ಹಂಗಿಲ್ಲದ ನಾಲ್ಕು ಹೆಸರುಗಳನ್ನು ನಾವೇ ಮುಂದಿಡೋಣ.

ಹಾಗಾದರೆ ನಮ್ಮ ಷರತ್ತುಗಳೇನು? ವಿವಾದ ಎದ್ದ ಮೇಲೆಯೇ ಕರಾರಾಗಲಿ. ಮಧ್ಯಸ್ಥನ ಹೆಸರು ಇಬ್ಬರ ಒಪ್ಪಿಗೆಯಿಂದ ಬರಲಿ. ಕಾಗದ ನಮಗೆ ಓದಲು ಬರುವ ಭಾಷೆಯಲ್ಲಿರಲಿ. ಹಾಜರಿ ಪುಸ್ತಕವೂ ಸಂಬಳದ ಪಟ್ಟಿಯೂ ಮೇಜಿನ ಮೇಲೆ ಬರಲಿ. ವಿಚಾರಣೆ ಕಾರ್ಮಿಕನು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ಊರಿನಲ್ಲಿ ನಡೆಯಲಿ. ಇಷ್ಟಕ್ಕೆ ಒಪ್ಪುವ ಮಾಲೀಕರ ಜೊತೆ ನಾಳೆಯೇ ಕೂರಲು ನಾವು ಸಿದ್ಧ.

ನೋಟೀಸು ಬಂದವರು ಸೂರಿನಿಂದ ತೆಗೆದು ಸಂಘದ ಕೊಠಡಿಗೆ ತನ್ನಿರಿ. ಒಪ್ಪಿಗೆ ಇಲ್ಲವೆಂದು ಬರಹದಲ್ಲಿ ಉತ್ತರ ಹೋಗಲಿ. 1996ರ ಕಾಯ್ದೆಯಂತೆ ತೀರ್ಪು ಬಂದೇಬಿಟ್ಟಿದ್ದರೆ, ಅದು ಕೈಗೆ ಬಂದ ಮೂರು ತಿಂಗಳೊಳಗೆ ರದ್ದುಪಡಿಸಲು ಕೋರ್ಟಿಗೆ ಅರ್ಜಿ ಹಾಕಬೇಕು, ಇದನ್ನು ಮರೆಯಬೇಡಿರಿ. ವಕೀಲರಿಗೆ ಹಣವಿಲ್ಲವೆಂದು ಕುಗ್ಗಬೇಡಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ವಕೀಲರ ನೆರವು ಉಚಿತ. ಕೃಷ್ಣಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಬ್ಬೊಬ್ಬರೇ ಹೋಗಲು ಅಂಜಿಕೆಯಾದರೆ ನಾಲ್ಕು ಜನ ಕೂಡಿ ಹೋಗೋಣ. ಸಮಾಧಾನ ನಮಗೂ ಬೇಕು. ಆದರೆ ತಕ್ಕಡಿಯನ್ನು ಒಬ್ಬನೇ ಹಿಡಿದುಕೊಂಡು ತೂಗಿದ್ದನ್ನು ಸಮಾಧಾನವೆಂದು ನಾವು ಕರೆಯಲಾರೆವು.