ಹೊಸ ಮನೆಯ ಔತಣ

ಇಮ್ಮಡಿ ದೇವರಾಯನನ್ನು ಕೊಂದು ಪಟ್ಟ ಏರಲು ಅವನ ಒಡಹುಟ್ಟಿದವನೇ ಹೂಡಿದ ಸಂಚಿನ ಕಥೆಯನ್ನು ನಮ್ಮ ಉತ್ಸವಗಳ ವೇದಿಕೆಯಲ್ಲಿ ಹೇಳುವ ಒಂದು ರೂಢಿಯ ರೀತಿಯುಂಟು. ದ್ರೋಹಿ ಎದ್ದ, ದೈವ ಕಾಯಿತು, ಪ್ರಜೆಗಳು ರಾಜಭಕ್ತಿ ಮೆರೆದರು, ಸುವರ್ಣಯುಗ ಮುಂದುವರಿಯಿತು. ಚಪ್ಪಾಳೆ. ಆಮೇಲೆ ಹಾರ ತುರಾಯಿ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬಂದವನೂ, ಕೊಪ್ಪಳದ ಸಂತೆಯಲ್ಲಿ ದಿನವಿಡೀ ತಕ್ಕಡಿ ಹಿಡಿದವನೂ ಆ ಭಾಷಣ ಕೇಳಿ ಮನೆಗೆ ಹೋಗುತ್ತಾರೆ. ಈ ಕಥೆಯ ಖರ್ಚನ್ನು ಕೊಟ್ಟವರು ಯಾರೆಂಬುದನ್ನು ಮಾತ್ರ ಯಾರೂ ಅವರಿಗೆ ಹೇಳುವುದಿಲ್ಲ. ಅದನ್ನು ನಾವು ಹೇಳುತ್ತೇವೆ.

ಕಥೆಯನ್ನು ಬರೆದಿಟ್ಟವನು ಅಬ್ದುಲ್ ರಜಾಕ್, ಹಿರಾತಿನ ಶಾರುಖ್ ದೊರೆಯ ರಾಯಭಾರಿ. ಅವನು ಇನ್ನೂ ಕಲ್ಲಿಕೋಟೆಯಲ್ಲಿದ್ದಾಗ, ಎಂದರೆ 1442ರ ಕೊನೆಗೂ 1443ರ ಏಪ್ರಿಲಿಗೂ ನಡುವೆ, ಇದು ನಡೆಯಿತು. ದೊರೆಯ ಸೋದರ ಹೊಸದೊಂದು ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ದೊರೆಯನ್ನೂ ರಾಜ್ಯದ ಪ್ರಮುಖರನ್ನೂ ಕರೆದ. ಒಬ್ಬರ ಎದುರಿಗೆ ಒಬ್ಬರು ಉಣ್ಣುವ ಪದ್ಧತಿ ಅಲ್ಲಿರಲಿಲ್ಲವೆಂದು ರಜಾಕ್ ಬರೆಯುತ್ತಾನೆ. ಸಂಚುಗಾರನಿಗೆ ಅದೇ ಅನುಕೂಲವಾಯಿತು. ಬಂದವರನ್ನೆಲ್ಲ ಹೊರಗಿನ ಪಡಸಾಲೆಯಲ್ಲಿ ಕೂರಿಸಿ, ಊಟಕ್ಕೆಂದು ಒಬ್ಬೊಬ್ಬರನ್ನೇ ಒಳಗೆ ಕರೆಯುವುದು, ಒಳಗೆ ಕತ್ತಿ ಹಿಡಿದು ಅಡಗಿದ್ದವರು ಕಡಿದು ಹಾಕುವುದು, ಮತ್ತೊಬ್ಬರನ್ನು ಕರೆಯುವುದು. ಕೂಗು ಹೊರಗೆ ಕೇಳಬಾರದಲ್ಲ, ಅದಕ್ಕಾಗಿ ಊರಲ್ಲಿದ್ದ ನಗಾರಿ ಕಹಳೆಗಳನ್ನೆಲ್ಲ ತರಿಸಿ ಬಾರಿಸಲು ಹಚ್ಚಿದ್ದ. ಬೀದಿಯಲ್ಲಿ ನಿಂತವನಿಗೆ ಕೇಳಿಸಿದ್ದು ಭಾರಿ ಸಂಭ್ರಮದ ಸದ್ದು.

ಆಮೇಲೆ ಅವನು ನೇರ ಅರಮನೆಗೆ ನಡೆದ. ಮೈ ಸರಿಯಿಲ್ಲವೆಂದು ಔತಣಕ್ಕೆ ಬರಲಾರೆನೆಂದ ಅಣ್ಣತಮ್ಮನ ಮೇಲೆ ಬಾಕಿನಿಂದ ಹಲವು ಸಲ ತಿವಿದ. ದೊರೆ ಬಿದ್ದ. ಸತ್ತನೆಂದು ತಿಳಿದು, ತಲೆ ಕತ್ತರಿಸುವ ಕೆಲಸಕ್ಕೆ ಒಬ್ಬ ನಂಬಿಗಸ್ತನನ್ನು ಬಿಟ್ಟು, ತಾನು ಹೊರಗೆ ಬಂದು "ಇನ್ನು ನಾನೇ ದೊರೆ" ಎಂದು ಸಾರಿದ. ಒಳಗೆ ದೊರೆ ಸತ್ತಿರಲಿಲ್ಲ. ತಲೆ ಕತ್ತರಿಸಲು ಬಂದವನ ಎದೆಗೆ ತಾನು ಕೂರುವ ಪೀಠವನ್ನೇ ಎತ್ತಿ ಬಡಿದ. ಮೂಲೆಯಲ್ಲಿ ಅವಿತಿದ್ದ ಒಬ್ಬ ಕಾವಲುಗಾರನ ನೆರವಿನಿಂದ ಅವನನ್ನು ಮುಗಿಸಿ, ರಾಣಿವಾಸದ ದಾರಿಯಾಗಿ ಹೊರಬಂದು, "ನಾನು ಬದುಕಿದ್ದೇನೆ, ಅವನನ್ನು ಹಿಡಿಯಿರಿ" ಎಂದು ಕೂಗಿದ. ಗುಂಪು ಸಂಚುಗಾರನ ಮೇಲೆ ಬಿದ್ದು ಕೊಂದಿತು.

ಇದೇ ನಮ್ಮ ಭಾಷಣಕಾರರ "ರಾಜಭಕ್ತಿ". ಆದರೆ ಆ ಗುಂಪು ಒಂದು ಗಳಿಗೆಯ ಹಿಂದೆ ಏನು ಮಾಡುತ್ತಿತ್ತು? ಅದೇ ಮೆಟ್ಟಿಲ ಕೆಳಗೆ ನಿಂತು ಹೊಸ ದೊರೆಯ ಮಾತು ಕೇಳುತ್ತಿತ್ತು. ದೇವರಾಯ ಹೊರಬರುವುದು ಅರ್ಧ ದಿನ ತಡವಾಗಿದ್ದರೆ ಅದೇ ಗಂಟಲುಗಳು ಇವನಿಗೇ ಜಯಕಾರ ಹಾಕುತ್ತಿದ್ದವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಹಾಗೆಂದು ಆ ಜನರನ್ನು ನಾವು ಹಳಿಯುವುದಿಲ್ಲ. ಅವರ ಮುಂದೆ ಇದ್ದದ್ದು ಎರಡೇ ಕೂಗು. ಎರಡೂ ಒಂದೇ ಮನೆತನದವು. ಮೂರನೆಯ ಕೂಗನ್ನು ಅವರಿಂದ ಯಾರೂ ಕೇಳಲಿಲ್ಲ. ಗಿರಣಿಯ ಮಾಲೀಕ ಬದಲಾದ ದಿನ ಗೇಟಿನಲ್ಲಿ ಪೇಡೆ ಹಂಚಿದರೆ ಕೆಲಸಗಾರ ಬೇಡವೆನ್ನುವುದಿಲ್ಲ. ಅದು ಭಕ್ತಿಯೇ?

ಇದು ವಿಜಯನಗರಕ್ಕಷ್ಟೇ ಸೇರಿದ ಮಾತೂ ಅಲ್ಲ. 1200ರ ಹೊತ್ತಿಗೆ ಬೈಜಾಂಟಿಯಂ ಸಾಮ್ರಾಜ್ಯದ ಕಾನ್ಸ್ಟಾಂಟಿನೋಪಲ್ ನಗರದಲ್ಲಿ ಜಾನ್ ಕೊಮ್ನೆನಸ್ ಎಂಬ ಸ್ಥೂಲಕಾಯದ ರಾಜವಂಶಿಯೊಬ್ಬ ಗುಂಪು ಕಟ್ಟಿಕೊಂಡು ಅರಮನೆಗೆ ನುಗ್ಗಿ ಸಿಂಹಾಸನದ ಮೇಲೆ ಕೂತ. ಅವನ ಭಾರಕ್ಕೆ ಅದು ಮುರಿದು ಬಿತ್ತಂತೆ! ಸಂಜೆಯ ಹೊತ್ತಿಗೆ ಗುಂಪು ಚದುರಿತ್ತು. ಚಕ್ರವರ್ತಿಯ ಕಡೆಯವರು ಅವನ ತಲೆ ತೆಗೆದರು. ಚಕ್ರವರ್ತಿ ಗೆದ್ದನೆಂದು ಅಲ್ಲಿಯೂ ಸಂಭ್ರಮ ಪಟ್ಟಿರಬೇಕು. 1204ರಲ್ಲಿ ಶಿಲುಬೆಯ ದಂಡಿನವರು ಆ ಊರನ್ನು ಲೂಟಿ ಮಾಡಿದಾಗ ಚಕ್ರವರ್ತಿಯ ಗೆಲುವು ಯಾವ ಅಂಗಡಿಯವನ ಕದವನ್ನೂ ಕಾಯಲಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಸಂಚು ಮುರಿದ ಮೇಲೆ ಏನಾಯಿತು? ಅದರಲ್ಲಿ ಸೇರಿದವರೆಂದು ಹಿಡಿದವರ ಚರ್ಮ ಸುಲಿದರು, ಹಲವರನ್ನು ಜೀವಸಹಿತ ಸುಟ್ಟರು, ಅವರ ಮನೆಮಂದಿಯನ್ನೂ ಅಳಿಸಿ ಹಾಕಿದರು. ಔತಣದ ಓಲೆ ಹಂಚಿದವನನ್ನೂ ಬಿಡಲಿಲ್ಲ. ಯಜಮಾನ ಕೊಟ್ಟ ಓಲೆಯನ್ನು ಮನೆಮನೆಗೆ ಮುಟ್ಟಿಸಿದ ಕೂಲಿಯಾಳು ಸಂಚಿನಲ್ಲಿ ಎಷ್ಟು ಪಾಲುದಾರನೋ ದೇವರಿಗೇ ಗೊತ್ತು. ವೇದಿಕೆಯ ಕಥೆಯಲ್ಲಿ ಅವನು ಬರುವುದೇ ಇಲ್ಲ. ಅದೇ ವರ್ಷ ರಜಾಕ್ ರಾಜಧಾನಿಯಲ್ಲಿ ಮೂರು ದಿನದ ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡು ಪುಟಗಟ್ಟಲೆ ಬರೆದ. ನಗಾರಿಗಳು ಮತ್ತೆ ಬಾರಿಸುತ್ತಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ವಿಜಯನಗರದ ಪ್ರಮುಖರು ಒಂದೇ ದಿನದಲ್ಲಿ ಸತ್ತರು, ದೊರೆಗೆ ಗಾಯ, ದಂಡನಾಯಕ ಸಿಂಹಳದ ಕಡೆ ಹೋಗಿದ್ದಾನೆ ಎಂಬ ಸುದ್ದಿ ಬಹಮನಿ ಸುಲ್ತಾನ ಅಲ್ಲಾವುದ್ದೀನನಿಗೆ ಮುಟ್ಟಿತು. ಏಳು ಲಕ್ಷ ವರಹ ಕೊಡು ಎಂದು ಅವನು ಹೇಳಿ ಕಳಿಸಿದ. ಮೊದಲು ಗಡಿ ದಾಟಿದವರು ಯಾರೆಂಬುದಕ್ಕೆ ರಜಾಕ್ ಒಂದು ಮಾತು ಹೇಳಿದರೆ ಫಿರಿಶ್ತಾ ಇನ್ನೊಂದು ಹೇಳುತ್ತಾನೆ. ನಮಗೆ ಅದು ಮುಖ್ಯವಲ್ಲ. ಯುದ್ಧ ನಡೆದದ್ದು ಎಲ್ಲಿ? ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ದೋಆಬಿನಲ್ಲಿ. ಮುದಗಲ್ಲು ಹಿಡಿದರು, ರಾಯಚೂರಿಗೆ ಮುತ್ತಿಗೆ ಹಾಕಿದರು, ಎರಡು ತಿಂಗಳಲ್ಲಿ ಮೂರು ಕಾಳಗಗಳಾದವೆಂದು ಫಿರಿಶ್ತಾ ಲೆಕ್ಕ ಕೊಡುತ್ತಾನೆ. ಕೊನೆಗೆ ದೇವರಾಯ ಕಪ್ಪ ಕೊಡಲು ಒಪ್ಪಿ ರಾಜಿಯಾಯಿತು. ಆ ಕಪ್ಪದ ಹಣ ಮಹಾನವಮಿ ದಿಬ್ಬದ ಕಲ್ಲಿನಿಂದ ಉದುರಲಿಲ್ಲ.

ಮಂಗಳೂರು ಎಂದರೆ ಹೊರಗಿನವರು ಕಡಲ ದಂಡೆಯ ಊರನ್ನೇ ನೆನೆಯುತ್ತಾರೆ. ರಜಾಕ್ ಹಡಗಿನಿಂದ ಇಳಿದದ್ದೂ ಆ ಮಂಗಳೂರಿನಲ್ಲಿಯೇ. ಯಲಬುರ್ಗಾ ಸೀಮೆಯ ನಮ್ಮ ಮಂಗಳೂರು ಅವನಿಗೆ ಗೊತ್ತಿರಲಿಲ್ಲ. ಕಡಲ ಮಂಗಳೂರಿಗೆ ರಾಯಭಾರಿಗಳು ಬಂದರು. ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ಈ ಎರೆ ಸೀಮೆಗೆ ತಲೆಮಾರುಗಟ್ಟಲೆ ಬಂದದ್ದು ದಂಡು. ಈ ಕಡೆಯ ದಂಡು ಬಂದರೂ ಜೋಳ ಹೋಯಿತು, ಆ ಕಡೆಯ ದಂಡು ಬಂದರೂ ಜೋಳ ಹೋಯಿತು. ಕುದುರೆ ಮೇಯುವಾಗ ಹೊಲದ ಒಡೆಯ ಶೈವನೋ ವೈಷ್ಣವನೋ ಮುಸಲ್ಮಾನನೋ ಎಂದು ಕೇಳುವುದಿಲ್ಲ.

ಮುತ್ತು ರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರಲ್ಲ ಎನ್ನುತ್ತೀರಿ. ಮಾರುತ್ತಿದ್ದಿರಬಹುದು. ಕೊಳ್ಳುತ್ತಿದ್ದವರು ಯಾರು? ಮುಂದಿನ ಶತಮಾನದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ರೈತರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ತೆರುತ್ತಾರೆಂದು ಬರೆದಿದ್ದಾನೆ. ಒಂದಿಷ್ಟು ಉತ್ಪ್ರೇಕ್ಷೆ ಇದ್ದರೂ ಇರಲಿ. ಹತ್ತರಲ್ಲಿ ಐದೆಂದರೂ ಅದು ಸುಲಿಗೆಯೇ.

ಇದೇ ದೇವರಾಯನ ಕಾಲದಲ್ಲಿ, ಆ ಔತಣಕ್ಕೆ ಹದಿನಾಲ್ಕು ವರ್ಷ ಮೊದಲು, ಇನ್ನೊಂದು ಎದ್ದೇಳುವಿಕೆ ನಡೆದಿತ್ತು. ಅದನ್ನು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. 1429ರಲ್ಲಿ, ವಿಜಯನಗರದ ಆಳ್ವಿಕೆಗೆ ಸೇರಿದ್ದ ಕಾವೇರಿಯ ಕೆಳನಾಡಿನಲ್ಲಿ, ಬಲಗೈಯ ತೊಂಬತ್ತೆಂಟು ಪಂಗಡಗಳೂ ಎಡಗೈಯ ತೊಂಬತ್ತೆಂಟು ಪಂಗಡಗಳೂ ಒಂದುಗೂಡಿದವು. ನಮ್ಮಲ್ಲಿ ಹದಿನೆಂಟು ಪಣ, ಒಂಬತ್ತು ಪಣ ಎಂದು ಕರೆದು ಹೊಡೆದಾಡಿಕೊಂಡವರು ಇವರೇ. ಬೇಸಾಯದವರು, ಕಸುಬಿನವರು, ಮಾರುಕಟ್ಟೆಯವರು ಕೂಡಿ ಕೂತು, ರಾಯನ ಅಧಿಕಾರಿಗಳೂ ಭೂಮಿಯ ಒಡೆಯರೂ ಮಿತಿಮೀರಿ ಕಿತ್ತುಕೊಳ್ಳುವುದನ್ನು ಸಹಿಸುವುದಿಲ್ಲ, ಬೆಳೆದ ಬೆಳೆಗೆ ತಕ್ಕಂತೆ ಮಾತ್ರ ತೆರುತ್ತೇವೆ ಎಂದು ನಿಶ್ಚಯಿಸಿ, ದರಗಳನ್ನು ಗುಡಿಯ ಗೋಡೆಗೆ ಕೆತ್ತಿಸಿದರು. ಅವರಿಗೆ ಯಾರ ಸಿಂಹಾಸನವೂ ಬೇಕಿರಲಿಲ್ಲ. ಅವರು ಯಾರನ್ನೂ ಊಟಕ್ಕೆ ಕರೆದು ಕೊಲ್ಲಲಿಲ್ಲ. ಅವರನ್ನು ಸಮಾಜವಾದಿಗಳೆಂದು ಹೊಗಳಲು ನಾವು ಹೊರಟಿಲ್ಲ. ಪಂಗಡದ ಗೋಡೆ ಅವರಲ್ಲಿ ಉಳಿದೇ ಇತ್ತು, ಒಗ್ಗಟ್ಟೂ ಬಹಳ ಕಾಲ ಬಾಳಲಿಲ್ಲ. ಆದರೂ ಮೂರನೆಯ ಕೂಗೊಂದು ಇತ್ತೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಹಳೆಯ ಕಥೆಯನ್ನು ಈಗೇಕೆ ಕೆದಕುತ್ತೀರಿ ಎಂದು ಕೇಳುವವರಿಗೆ 2019ನ್ನು ನೆನಪಿಸುತ್ತೇವೆ. ಆ ಜುಲೈನಲ್ಲಿ ಒಂದಿಷ್ಟು ಶಾಸಕರು ಮುಂಬಯಿಯ ಹೋಟೆಲಿನಲ್ಲಿದ್ದರು, ಉಳಿದವರನ್ನು ಅವರವರ ಪಕ್ಷಗಳು ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ಕೂಡಿಟ್ಟಿದ್ದವು. ಅದೂ ಔತಣವೇ, ಕತ್ತಿ ಮಾತ್ರ ಇರಲಿಲ್ಲ. ಟೆಲಿವಿಷನ್ನಿನ ನಗಾರಿ ಹಗಲು ರಾತ್ರಿ ಬಾರಿಸಿತು. ಜುಲೈ 23ಕ್ಕೆ ಒಂದು ಸರ್ಕಾರ ಬಿತ್ತು, 26ಕ್ಕೆ ಹೊಸ ಮುಖ್ಯಮಂತ್ರಿಯ ಪ್ರಮಾಣವಚನವಾಯಿತು. ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಊರುಗಳು ಮುಳುಗಿದಾಗ ಮುಖ್ಯಮಂತ್ರಿಯೊಬ್ಬರನ್ನು ಬಿಟ್ಟರೆ ರಾಜ್ಯದಲ್ಲಿ ಒಬ್ಬನೇ ಒಬ್ಬ ಮಂತ್ರಿ ಇರಲಿಲ್ಲ. ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಸಿಂಹಾಸನದ ಜಗಳದ ಬಿಲ್ಲು ಈ ಸಲವೂ ನದಿಯ ದಂಡೆಗೇ ಬಂತು.

ಆನೆಗೊಂದಿ ಉತ್ಸವ ನಡೆಸುವವರಿಗೆ ನಮ್ಮದೊಂದು ಬೇಡಿಕೆಯಿದೆ. ದೇವರಾಯನ ಕಥೆ ಹೇಳುವುದಾದರೆ ಹೇಳಲಿ, ನಗಾರಿಯನ್ನೂ ಬಾರಿಸಲಿ. ಅದರ ಪಕ್ಕದಲ್ಲಿಯೇ 1429ರ ಆ ಶಾಸನಗಳ ಕನ್ನಡ ಅನುವಾದವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಮಂಟಪದ ಬಾಗಿಲಿಗೆ ಕಟ್ಟಲಿ. ಗಿರಣಿಯ ಪಾಳಿ ಮುಗಿಸಿ ಬಂದವರೂ ಓದುವಂತೆ ಮೇಲೊಂದು ದೀಪವಿರಲಿ.