ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯಿ ಬಿಡದ ಮಗಳು

"ಮನೆಯಲ್ಲಿ ಬಾಯಿ ಮುಚ್ಚೋದೇ ಇಲ್ಲ, ಶಾಲೆಯಲ್ಲಿ ಇಂಗ್ಲಿಷ್ ಪೀರಿಯಡ್ ಬಂದರೆ ಬಾಯಿ ಬಿಡೋದೇ ಇಲ್ಲ. ಏನು ಮಾಡಲಿ ಅಕ್ಕಾ?"

ಶಿರಸಿ ಕಡೆಯ ಸೋದರಿಯೊಬ್ಬರು ಆರನೆಯ ತರಗತಿಯ ತಮ್ಮ ಮಗಳ ಬಗ್ಗೆ ಹೀಗೆ ಬರೆದಿದ್ದಾರೆ. ಐದನೆಯವರೆಗೆ ಹುಡುಗಿ ಕನ್ನಡ ಶಾಲೆಯಲ್ಲಿ ಓದಿದಳು. ಈ ವರ್ಷ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದಾರೆ. ಮೂರು ತಿಂಗಳಿಗೇ ಮಿಸ್ಸು ಡೈರಿಯಲ್ಲಿ ಬರೆದು ಕಳಿಸಿದ್ದಾರೆ: ಹುಡುಗಿ ಮಂದ, ಗಮನ ಕೊಡುವುದಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುವುದಿಲ್ಲ. ಡೈರಿಯಲ್ಲಿ ಇದ್ದದ್ದೂ ಇಂಗ್ಲಿಷಿನಲ್ಲೇ. ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿಕೊಳ್ಳಬೇಕಾಯಿತಂತೆ. ಯಜಮಾನರು ಸಿಟ್ಟಿನಲ್ಲಿ ಮಗಳಿಗೆ ಎರಡು ಏಟು ಕೊಟ್ಟಿದ್ದಾರೆ. "ನಾನು ಓದಿದ್ದು ಏಳನೇ ಕ್ಲಾಸು. ನನಗೇ ಇಂಗ್ಲಿಷ್ ಬಾರದು, ಅವಳಿಗೆ ನಾನೇನು ಹೇಳಿಕೊಡಲಿ? ಆ ಶಾಲೆ ಬಿಡಿಸಿ ಮೊದಲಿನ ಶಾಲೆಗೇ ಹಾಕಿಬಿಡಲೇ?" ಎಂದು ಕೇಳಿದ್ದಾರೆ.

ಸೋದರಿ, ಮೊದಲು ಆ 'ಮಂದ' ಎನ್ನುವ ಮಾತನ್ನು ಪಕ್ಕಕ್ಕಿಡಿ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಮಂದ ಹೇಗಾದಾಳು? ಎಲ್ಲ ಪಾಠದಲ್ಲೂ, ಆಟದಲ್ಲೂ, ಮನೆಯಲ್ಲೂ ಮೌನವಾಗಿದ್ದರೆ ಆಗ ಕಿವಿ, ಕಣ್ಣು ಡಾಕ್ಟರ ಹತ್ತಿರ ತೋರಿಸಬೇಕು. ಒಂದೇ ಪೀರಿಯಡ್‌ನಲ್ಲಿ ಮಾತ್ರ ಬಾಯಿ ಕಟ್ಟಿತೆಂದರೆ ಕಾರಣವನ್ನು ಆ ಪೀರಿಯಡ್‌ನಲ್ಲೇ ಹುಡುಕಬೇಕು.

ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು, ಎಂಟನೆಯ ತರಗತಿ. ಹಳ್ಳಿಯಿಂದ ನಡೆದು ಬರುವ ಒಬ್ಬ ಹುಡುಗನನ್ನು ಎಬ್ಬಿಸಿ "ವೇರ್ ಡು ಯು ಲಿವ್?" ಅಂತ ಕೇಳಿದೆ. ಅವನು ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, "ಐ ಈಸ್ ಲೀವ್ ಹಳ್ಳಿ ಮಿಸ್" ಅಂದ. ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದು ಸಾಲದು ಅಂತ ಅವನ ಮಾತನ್ನೇ ಅವನ ಧಾಟಿಯಲ್ಲಿ ಇನ್ನೊಂದು ಸಲ ಹೇಳಿದೆ. ಇಡೀ ಕ್ಲಾಸು ಗೊಳ್ಳೆಂದಿತು. ಅವನೂ ನಕ್ಕ, ಕೂತುಕೊಂಡ. ಮಾರ್ಚ್ ತಿಂಗಳ ಪರೀಕ್ಷೆಯವರೆಗೂ ಆ ಹುಡುಗ ನನ್ನ ಕ್ಲಾಸಿನಲ್ಲಿ ಇನ್ನೊಂದು ಇಂಗ್ಲಿಷ್ ಮಾತು ಆಡಲಿಲ್ಲ.

ಆಡಲಿಲ್ಲ ಅಂದರೆ ಸುಮ್ಮನೆ ಕೂತನೆಂದಲ್ಲ. ಕಾಗದದ ಉಂಡೆ ಎಸೆದ, ಮುಂದಿನ ಬೆಂಚಿನವನ ಪುಸ್ತಕ ಬಚ್ಚಿಟ್ಟ, ಕಾಗೆಯ ಹಾಗೆ ಕೂಗಿದ. ನಾನು ಆಚೆ ನಿಲ್ಲಿಸುತ್ತಿದ್ದೆ. ಖುಷಿಯಾಗಿ ಹೋಗಿ ನಿಲ್ಲುತ್ತಿದ್ದ! ಆಚೆ ಯಾರೂ ಇಂಗ್ಲಿಷ್ ಪ್ರಶ್ನೆ ಕೇಳುವುದಿಲ್ಲವಲ್ಲ. ಗಣಿತದ ಮೇಷ್ಟ್ರು ಮಾತ್ರ "ಆ ಹುಡುಗ ಬಹಳ ಚುರುಕು" ಅನ್ನುತ್ತಿದ್ದರು. ನಾಲ್ಕು ಜನರ ಎದುರಿಗೆ 'ದಡ್ಡ' ಅನ್ನಿಸಿಕೊಳ್ಳುವುದಕ್ಕಿಂತ 'ತುಂಟ' ಅನ್ನಿಸಿಕೊಳ್ಳುವುದು ಮೇಲೆಂದು ಅವನು ಲೆಕ್ಕ ಹಾಕಿದ್ದ. ನನಗೆ ಅದು ಅರ್ಥವಾಗುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನು ಶಾಲೆ ಮುಗಿಸಿ ಹೋಗಿದ್ದ.

ಹೆಣ್ಣುಮಕ್ಕಳು ಸಾಮಾನ್ಯವಾಗಿ ಗಲಾಟೆ ಮಾಡುವುದಿಲ್ಲ. ತಲೆ ತಗ್ಗಿಸುತ್ತಾರೆ. ಬೋರ್ಡಿನ ಮೇಲಿದ್ದದ್ದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. "ಅರ್ಥ ಆಯ್ತಾ?" ಅಂದರೆ ಎಲ್ಲರ ಜೊತೆ "ಎಸ್ ಮಿಸ್" ಅಂತ ರಾಗ ಎಳೆಯುತ್ತಾರೆ. ಗೈಡಿನಲ್ಲಿರುವ ಪ್ರಬಂಧ ಬಾಯಿಪಾಠ ಮಾಡಿ ಮಾರ್ಕ್ಸ್ ಕೂಡ ತೆಗೆದುಬಿಡುತ್ತಾರೆ. ಹೀಗಾಗಿ ಇವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಮಗಳ ಕಷ್ಟ ಮೂರೇ ತಿಂಗಳಿಗೆ ಕಣ್ಣಿಗೆ ಬಿದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಇನ್ನೊಂದು ವಿಷಯ. ಕಂಕುಳಿನ ಕೂಸು ಮಾತು ಕಲಿಯುವುದನ್ನು ನೋಡಿದ್ದೀರಲ್ಲ? ಒಂದು ವರ್ಷ ಬರೀ ಕೇಳಿಸಿಕೊಳ್ಳುತ್ತದೆ. "ದೀಪ ಎಲ್ಲಿ?" ಅಂದರೆ ದೀಪದ ಕಡೆ ನೋಡುತ್ತದೆ, 'ದೀಪ' ಅನ್ನುವುದಿಲ್ಲ. ಅದಕ್ಕೆ ನಾವು ಯಾರೂ ಹೊಡೆಯುವುದಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ದೊಡ್ಡ ಮಕ್ಕಳೂ ಎಷ್ಟೋ ಸಲ ಹೀಗೇ ಕೆಲವು ವಾರ, ಕೆಲವರು ಕೆಲವು ತಿಂಗಳು, ಬರೀ ಕೇಳಿಸಿಕೊಳ್ಳುತ್ತಾ ಕೂರುತ್ತಾರೆ. ಭಾಷಾತಜ್ಞರು ಇದಕ್ಕೆ ಮೌನದ ಕಾಲವೆಂದೇ ಹೆಸರಿಟ್ಟಿದ್ದಾರೆ. ಒಳಗೆ ಕೆಲಸ ನಡೆಯುತ್ತಿರುತ್ತದೆ. ದೋಸೆ ಹಿಟ್ಟು ಹುದುಗುವ ಹೊತ್ತಿನಲ್ಲಿ ಘಳಿಗೆಗೊಮ್ಮೆ ಮುಚ್ಚಳ ತೆಗೆದು ಕಲಕಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ?

ಶಾಲೆಯಲ್ಲಿ ಆ ವ್ಯವಧಾನ ಎಲ್ಲಿದೆ! ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ವಿಜ್ಞಾನದ ಪಾಠಗಳನ್ನು ಟೇಪ್ ಮಾಡಿಸಿ ಕೇಳಿ, 1974ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸರಾಸರಿ 1 ಸೆಕೆಂಡು ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಎಂದೂ ಬಾಯಿ ಬಿಡದವರೂ ಮಾತಾಡತೊಡಗುತ್ತಾರೆ. ಅದು ಮಕ್ಕಳ ಸ್ವಂತ ಭಾಷೆಯಲ್ಲಿ ನಡೆದ ಪಾಠ. ನಮ್ಮ ಹುಡುಗಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳಬೇಕು, ಕನ್ನಡದಲ್ಲಿ ಉತ್ತರ ಹುಡುಕಬೇಕು, ಅದನ್ನು ಇಂಗ್ಲಿಷಿಗೆ ತರಬೇಕು. ಅಷ್ಟರಲ್ಲಿ ಮಿಸ್ಸು "ನೆಕ್ಸ್ಟ್" ಅಂದಿರುತ್ತಾರೆ. ಇದರ ಮೇಲೆ ಕೆಲವು ಕಡೆ ಕನ್ನಡ ಮಾತಾಡಿದರೆ ದಂಡ ಬೇರೆ. ದಂಡ ಹಾಕಿದ ಕೂಡಲೇ ಇಂಗ್ಲಿಷ್ ಉದುರುತ್ತದೆಯೇ? ಮಗು ಎರಡೂ ಭಾಷೆಯಲ್ಲಿ ಸುಮ್ಮನಾಗುತ್ತದೆ, ಅಷ್ಟೆ.

ಸರಿ, ಭಯ ಹೋಯಿತು ಅನ್ನೋಣ. ಕಲಿಯಬೇಕೆಂಬ ಆಸೆ ಎಲ್ಲಿಂದ ಬರಬೇಕು? ಇದರ ಬಗ್ಗೆ ತಜ್ಞರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬ ಇಬ್ಬರು ಪರೀಕ್ಷಿಸಿ 1959ರಲ್ಲಿ ವರದಿ ಬರೆದರು. ಫ್ರೆಂಚ್ ಜನರ ಜೊತೆ ಬೆರೆಯಬೇಕೆಂಬ ಮನಸ್ಸಿದ್ದವರು ಚೆನ್ನಾಗಿ ಕಲಿತಿದ್ದರು. ಮುಂದೆ 1972ರಲ್ಲಿ ಯಾಸ್ಮೀನ್ ಲುಕ್ಮಾನಿ ಎಂಬವರು ಮುಂಬಯಿಯ ಮರಾಠಿ ಹುಡುಗಿಯರನ್ನು ಇದನ್ನೇ ಕೇಳಿದಾಗ ಬೇರೆ ಕಥೆ ಹೊರಟಿತು. ಇಂಗ್ಲಿಷರ ಹಾಗಾಗುವ ಆಸೆ ಅವರಿಗಿರಲಿಲ್ಲ. ಕೆಲಸ ಸಿಗಬೇಕು, ಜೀವನ ಮೇಲಾಗಬೇಕು ಎನ್ನುವುದಕ್ಕಾಗಿ ಅವರಿಗೆ ಇಂಗ್ಲಿಷ್ ಬೇಕಿತ್ತು. ಆ ಆಸೆ ಗಟ್ಟಿಯಾಗಿದ್ದವರೇ ಚೆನ್ನಾಗಿ ಕಲಿತಿದ್ದರು. ನಮ್ಮ ಮನೆಗಳಲ್ಲೂ "ಇಂಗ್ಲಿಷ್ ಬಂದರೆ ನೌಕರಿ" ಅಂತಲೇ ಹೇಳುವುದು. ಮುಂಬಯಿಯವರು ಹೈಸ್ಕೂಲಿನ ಹುಡುಗಿಯರು, ಅವರಿಗೆ ನೌಕರಿ ಕಣ್ಣಿಗೆ ಕಾಣುತ್ತಿತ್ತು. ಹನ್ನೊಂದು ವರ್ಷದ ಮಗುವಿಗೆ ನೌಕರಿ ಎಂದರೆ ಚಂದ್ರಲೋಕದಷ್ಟು ದೂರ. ಅವಳಿಗೆ ಇವತ್ತು ಸಾಯಂಕಾಲಕ್ಕೆ ಇಂಗ್ಲಿಷಿನಿಂದ ಏನಾದರೂ ಆಗಬೇಕು.

ಈ ಮಾತಿಗೆ ನಮ್ಮ ಬೆಂಗಳೂರೇ ಪ್ರಪಂಚಕ್ಕೆ ದಾರಿ ತೋರಿಸಿದೆ ಎಂದರೆ ನಂಬುತ್ತೀರಾ? ಎನ್. ಎಸ್. ಪ್ರಭು ಎಂಬ ಶಿಕ್ಷಣತಜ್ಞರು, ಬೆಂಗಳೂರಿನಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ, 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟರು, ಊರಿನ ನಕ್ಷೆ ಇಟ್ಟರು. ಇಷ್ಟು ಗಂಟೆಯೊಳಗೆ ಆ ಊರು ಸೇರಬೇಕಾದರೆ ಯಾವ ಗಾಡಿ ಹತ್ತಬೇಕು? ಇಲ್ಲಿಂದ ಅಲ್ಲಿಗೆ ದಾರಿ ಯಾವುದು? ಮೊದಲು ಒಂದು ಲೆಕ್ಕವನ್ನು ಉಪಾಧ್ಯಾಯರು ಎಲ್ಲರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ಬಿಡಿಸುವುದು. ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಒಂದೇ ಪದದಲ್ಲಿ, ಒಂದು ಅಂಕಿಯಲ್ಲಿ ಉತ್ತರ ಹೇಳಿದರೂ ಸರಿ. ಮಕ್ಕಳ ಮನಸ್ಸೆಲ್ಲ ರೈಲಿನ ಮೇಲೆ ಇರುತ್ತಿತ್ತು, ಇಂಗ್ಲಿಷ್ ಹಿಂದಿನ ಬಾಗಿಲಿಂದ ಒಳಗೆ ಬರುತ್ತಿತ್ತು.

ನನಗೆ ಬಹಳ ಹಿಡಿಸಿದ್ದು ಅವರು ಇಟ್ಟುಕೊಂಡಿದ್ದ ಅಳತೆ. ಕ್ಲಾಸಿನ ಸುಮಾರು ಅರ್ಧ ಮಕ್ಕಳು ಕೆಲಸದ ಸುಮಾರು ಅರ್ಧವನ್ನು ಸರಿಯಾಗಿ ಮಾಡಿದರೆ ಆ ಕೆಲಸ ಹದವಾಗಿದೆ ಎಂದು ಅರ್ಥ. ನಾವು ಎಲ್ಲವೂ ಸರಿಯಿರಬೇಕು ಅಂತ ಕೂರುತ್ತೇವಲ್ಲ! ಪ್ರಭು ಅವರು 1987ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಆ ಪದ್ಧತಿಗೆ ತಕರಾರು ತೆಗೆದವರೂ ಇದ್ದಾರೆ, ದೊಡ್ಡ ಕ್ಲಾಸುಗಳಲ್ಲಿ ನಡೆಸುವುದು ಸುಲಭವೂ ಅಲ್ಲ. ಆದರೂ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರನ್ನು ದೇಶವಿದೇಶದ ಇಂಗ್ಲಿಷ್ ಉಪಾಧ್ಯಾಯರು ಇಂದಿಗೂ ಓದುತ್ತಾರೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಅಡಿಗೆಮನೆಯಲ್ಲೇ ಇದನ್ನು ಮಾಡಬಹುದು. "ನನಗೆ ಇಂಗ್ಲಿಷ್ ಬಾರದು" ಎಂದು ಕೊರಗಿದ್ದೀರಿ. ಅದೇ ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ. ಮಿಸ್ಸು "ವಾಟ್ ಈಸ್ ದಿಸ್?" ಅಂತ ಪೆನ್ಸಿಲು ಹಿಡಿದು ಕೇಳಿದಾಗ, ಅದು ಪೆನ್ಸಿಲೆಂದು ಅವರಿಗೆ ಗೊತ್ತಿದೆ ಎಂಬುದು ಮಗುವಿಗೂ ಗೊತ್ತು. ಅದು ಬರೀ ಪರೀಕ್ಷೆ. ನೀವು ಕೇಳಿದರೆ ಹಾಗಲ್ಲ. ನಿಮಗೆ ನಿಜವಾಗಿಯೂ ಗೊತ್ತಿಲ್ಲ, ನಿಜವಾಗಿಯೂ ಬೇಕು.

ಒಂದು ಕಸ್ಟರ್ಡ್ ಪುಡಿಯ ಡಬ್ಬಿ ತರಿಸಿ. "ಇದರ ಮೇಲೆ ಏನೋ ಬರೆದಿದೆ, ಓದಿ ಹೇಳು ಪುಟ್ಟಿ. ಹಾಲು ಎಷ್ಟಂತೆ? ಪುಡಿ ಎಷ್ಟು ಚಮಚವಂತೆ?" ಅಂತ ಕನ್ನಡದಲ್ಲೇ ಕೇಳಿ. ಅವಳು ಕನ್ನಡದಲ್ಲೇ ಹೇಳಲಿ. "ಅವರು ಅರ್ಧ ಲೀಟರಿಗೆ ಹೇಳಿದ್ದಾರೆ, ನಾವು ಒಂದೂವರೆ ಲೀಟರ್ ಮಾಡೋಣ, ಆಗ ಎಷ್ಟು?" ಅಂತ ಲೆಕ್ಕ ಹಾಕಿಸಿ. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ನೋಡಲಿ, ಇಲ್ಲವೇ ಊಹಿಸಲಿ. ನೀವು ತಿದ್ದಲು ಹೋಗಬೇಡಿ. ಪುಡಿಯನ್ನು ಮೊದಲು ತಣ್ಣನೆಯ ಹಾಲಿನಲ್ಲಿ ಕದಡಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ 'ಕೋಲ್ಡ್' ಎಂಬ ಪದ ಬಿಟ್ಟು ಓದಿದಳೋ, ಕುದಿಯುವ ಹಾಲಿನಲ್ಲಿ ಪುಡಿ ಗಂಟುಗಂಟಾಗಿ ಕೂರುತ್ತದೆ. ನಕ್ಕು ಸೋಸಿ ಬಡಿಸಿ. ಆ ಪದವನ್ನು ಅವಳು ಜನ್ಮದಲ್ಲಿ ಮರೆಯುವುದಿಲ್ಲ. ಹೀಗೇ ಕುಕ್ಕರಿನ ಜೊತೆ ಬರುವ ಪುಸ್ತಕ, ಬಣ್ಣದ ಸೀರೆಗೆ ಅಂಟಿಸಿದ ಒಗೆಯುವ ಸೂಚನೆ, ಬಿತ್ತನೆ ಬೀಜದ ಪೊಟ್ಟಣ. ವಾರಕ್ಕೆ ಎರಡು ಸಾಕು. ಔಷಧಿ ಮಾತ್ರ ಬೇಡ, ಅದನ್ನು ದೊಡ್ಡವರೇ ನೋಡಿಕೊಳ್ಳಬೇಕು. ನೆಂಟರು ಬಂದಾಗ "ಎಲ್ಲಿ, ಮಾಮನಿಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳು" ಅಂತ ನಿಲ್ಲಿಸುವುದಂತೂ ದಯವಿಟ್ಟು ಬೇಡ.

ಶಾಲೆ ಬಿಡಿಸುವ ವಿಷಯ. ಈ ವರ್ಷ ಮುಗಿಯುವವರೆಗೆ ಅವಸರ ಮಾಡಬೇಡಿ. ಆದರೆ ವಿಜ್ಞಾನ, ಸಮಾಜ, ಗಣಿತ ಕೂಡ ಭಾಷೆಯ ದೆಸೆಯಿಂದ ತಲೆಗೆ ಹತ್ತುತ್ತಿಲ್ಲವೆಂದು ಆಗಲೂ ಅನ್ನಿಸಿದರೆ ಕನ್ನಡ ಶಾಲೆಗೆ ವಾಪಸು ಹಾಕುವುದು ಅವಮಾನದ ಮಾತಲ್ಲ. ಮಕ್ಕಳಿಗೆ ತಿಳಿದ ಭಾಷೆಯಲ್ಲೇ ಪಾಠ ಹೇಳಬೇಕೆಂದು ಯುನೆಸ್ಕೋ 1953ರಲ್ಲೇ ಹೇಳಿದೆ. ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಯುವುದಕ್ಕೆ ಅದರಿಂದ ಅಡ್ಡಿಯಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿದೆ. ಏನೇ ಮಾಡಿದರೂ ಮಗಳನ್ನು ಕೂರಿಸಿಕೊಂಡು ಕೇಳಿ ಮಾಡಿ. ಯಜಮಾನರಿಗೂ ಈ ಪುಟ ಓದಿ ಹೇಳಿ. ಹೊಡೆತದ ಭಯ ನಗುವಿನ ಭಯಕ್ಕೆ ಸೇರಿಕೊಂಡರೆ ಆ ಕೂಸು ಯಾರ ಹತ್ತಿರ ಮಾತಾಡಬೇಕು?

ಇನ್ನು ಆ ಡೈರಿಗೆ ಉತ್ತರ ಬರೆದಿಲ್ಲ, ನಾಚಿಕೆಯಾಯಿತು ಅಂದಿದ್ದೀರಿ. ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನಿಮ್ಮ ಊರಿನ ಮಿಸ್ಸಿಗೆ ಕನ್ನಡ ಬಂದೇ ಬರುತ್ತದೆ. "ನನ್ನ ಮಗಳು ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾದು ನೋಡಿ. ಒಂದೇ ಮಾತಿನಲ್ಲಿ ಹೇಳಿದರೂ ಒಪ್ಪಿಕೊಳ್ಳಿ. ಬೇರೆ ಮಕ್ಕಳು ನಗದ ಹಾಗೆ ನೋಡಿಕೊಳ್ಳಿ." ಇಷ್ಟು ಸಾಕು, ಕೆಳಗೆ ನಿಮ್ಮ ಸಹಿ ಇರಲಿ. ಮಿಸ್ಸು ಏನು ಬರೆದರೆಂದು ನನಗೂ ಒಂದು ಕಾರ್ಡು ಹಾಕಿ.