ಉಚಿತ ಗೂಗಲ್ ಡಾಕ್ಸ್: ಬಳಸುವ ಮುನ್ನ ಎಚ್ಚರವಿರಲಿ

ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತಿದ್ದಬಲ್ಲ ಸೌಲಭ್ಯದೊಂದಿಗೆ 2006ರಲ್ಲಿ ಬಂದ ಗೂಗಲ್ ಡಾಕ್ಸ್, ಕಚೇರಿ ತಂತ್ರಾಂಶಕ್ಕೆ ಹಣ ತೆರಲಾಗದ ಸಣ್ಣ ಸಂಸ್ಥೆಗಳಿಗೆ ವರದಾನವಾಯಿತು. ಖಾತೆಯೊಂದಿದ್ದರೆ ಬರಹ, ಲೆಕ್ಕಪಟ್ಟಿಗಳೆಲ್ಲವೂ ಇಂದಿಗೂ ಉಚಿತ.

ಆದರೆ ಷರತ್ತುಗಳನ್ನು ಬದಲಿಸುವ ಅಧಿಕಾರ ಕಂಪನಿಯ ಕೈಯಲ್ಲೇ ಇದೆ. ಸಂಸ್ಥೆಗಳಿಗಿದ್ದ ಉಚಿತ ಆವೃತ್ತಿಗೆ ಹೊಸ ನೋಂದಣಿ 2012ರಲ್ಲಿ ನಿಂತಿತು. 2022ರಲ್ಲಿ ಹಳೆಯ ವಾಣಿಜ್ಯ ಬಳಕೆದಾರರೂ ಹಣ ಪಾವತಿಸಬೇಕಾಯಿತು. 2021ರ ಜೂನ್‌ನಿಂದ ಹೊಸ ಡಾಕ್ಸ್ ಕಡತಗಳೂ 15 ಜಿಬಿ ಮಿತಿಯ ಲೆಕ್ಕಕ್ಕೆ ಸೇರಿದವು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿ 2023ರಲ್ಲಿ ಪ್ರಕಟವಾಯಿತು.

ಹಾಗೆಂದು ಈ ಸಾಧನಗಳಿಂದ ದೂರವಿರಬೇಕಿಲ್ಲ. ಹೊಸದಾಗಿ ಆರಂಭಿಸುವವರು ಕೆಲವು ಎಚ್ಚರಗಳನ್ನು ವಹಿಸಿದರೆ ಸಾಕು. ಸಂಸ್ಥೆಯ ಕಡತಗಳು ನೌಕರನೊಬ್ಬನ ಖಾಸಗಿ ಖಾತೆಯಲ್ಲಿರಬಾರದು. ಆತ ಕೆಲಸ ತೊರೆದರೆ ಕಡತದ ಒಡೆತನವೂ ಆತನೊಂದಿಗೇ ಹೋಗುತ್ತದೆ. ಲಿಂಕ್ ಸಿಕ್ಕವರೆಲ್ಲರೂ ತೆರೆಯುವಂತೆ ಗೌಪ್ಯ ದಾಖಲೆಗಳನ್ನು ಹಂಚಬಾರದು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದ ಕನ್ನಡ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ಏರಿಸಬೇಕು. ಇಲ್ಲವಾದಲ್ಲಿ ಅಕ್ಷರಗಳು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ.

ಎಲ್ಲಕ್ಕಿಂತ ಮಿಗಿಲಾಗಿ, ಗೂಗಲ್ ಟೇಕ್‌ಔಟ್ ಮೂಲಕ ಕಾಲಕಾಲಕ್ಕೆ ಪ್ರತಿ ಇಳಿಸಿಕೊಂಡು ಸ್ವಂತ ಡಿಸ್ಕ್‌ನಲ್ಲಿ ಇರಿಸಿಕೊಳ್ಳಬೇಕು. ನಾಳೆ ನಿಯಮ ಬದಲಾದರೂ ಕೆಲಸ ನಿಲ್ಲದು.